ಮಾವಿನ ತೋಟದ ಜಾಲತಾಣವೂ ಸ್ವಯಂಚಾಲಿತ ಪ್ರಚಾರವೂ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿನ ಬೆಳೆಗೆ ಬಹುಕಾಲದಿಂದ ಹೆಸರಾಗಿರುವುದು ಸರ್ವರಿಗೂ ತಿಳಿದ ವಿಷಯವಾಗಿದೆ. ರಾಮನಗರದ ಸುತ್ತಣ ಸೀಮೆ, ಚಿಕ್ಕಬಳ್ಳಾಪುರ, ತುಮಕೂರು, ಧಾರವಾಡ ಮೊದಲಾದ ಕಡೆಗಳಲ್ಲಿಯೂ ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ತೋತಾಪುರಿ ಮುಂತಾದ ಜಾತಿಗಳು ಬೆಳೆಯುತ್ತಿರುವುವು. ರಾಗಿಯನ್ನು ಹಗೇವಿನಲ್ಲಿಟ್ಟು ಧಾರಣೆ ಏರುವ ತನಕ ಕಾಯಬಲ್ಲ ರೈತನು ಮಾವಿನ ವಿಷಯದಲ್ಲಿ ಹಾಗೆ ಕಾಯಲಾರನು. ಬಲಿತ ಕಾಯಿಯನ್ನು ಮರದಲ್ಲಿ ಬಹುದಿನ ನಿಲ್ಲಿಸುವಂತಿಲ್ಲ. ಕಿತ್ತ ಕಾಯಿಯನ್ನು ಮನೆಯಲ್ಲಿ ಬಹುದಿನ ಇಡುವಂತಿಲ್ಲ. ಆದಕಾರಣ ಮಂಡಿಯಲ್ಲಿ ಆ ದಿನ ಕೂಗಿದ ಬೆಲೆಗೆ ಒಪ್ಪಿ ಹಿಂದಿರುಗುವುದೇ ಅನೇಕರ ಪಾಡಾಗಿದೆ.

ಇದರ ಕಷ್ಟವು 2025ನೇ ಇಸವಿಯಲ್ಲಿ ವಿಶೇಷವಾಗಿ ಅನುಭವಕ್ಕೆ ಬಂದಿತು. ಆ ವರ್ಷದ ಜೂನ್ ತಿಂಗಳಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಕಾಯಿಯನ್ನು ಜಿಲ್ಲೆಯೊಳಕ್ಕೆ ತರಕೂಡದೆಂದು ನಿಷೇಧಿಸಿತು. ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ಗಡಿಭಾಗದ ಬೆಳೆಗಾರರಿಗೆ ದಾರಿ ಕಟ್ಟಿದಂತಾಯಿತು. ತರುವಾಯ ಕೇಂದ್ರ ಸರ್ಕಾರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯ ಮೇರೆಗೆ ಕರ್ನಾಟಕದ 2.5 ಲಕ್ಷ ಟನ್ನುಗಳವರೆಗಿನ ಮಾವಿಗೆ ಕ್ವಿಂಟಾಲಿಗೆ 1,616 ರೂಪಾಯಿಗಳ ದರವನ್ನು ಗೊತ್ತುಮಾಡಿ, ಬೆಲೆಯ ಕೊರತೆಯನ್ನು ತುಂಬಿಕೊಡಲು ಒಪ್ಪಿತು. ಒಂದೇ ಬಾಗಿಲನ್ನು ನಂಬಿದವನಿಗೆ ಆ ಬಾಗಿಲು ಮುಚ್ಚಿದರೆ ಏನಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಥ ಅನುಭವಗಳಿಂದ ಅನೇಕ ತೋಟಗಾರರೂ ರೈತ ಉತ್ಪಾದಕರ ಸಂಸ್ಥೆಗಳೂ ಸ್ವಂತವಾಗಿ ಜಾಲತಾಣಗಳನ್ನು ತೆರೆದು, ಪಟ್ಟಣದ ಮನೆಗಳಿಗೆ ನೇರವಾಗಿ ಹಣ್ಣಿನ ಪೆಟ್ಟಿಗೆಗಳನ್ನು ಕಳುಹಿಸುವ ಉದ್ಯಮಕ್ಕೆ ಕೈಹಾಕಿರುವರು. ಅಂಚೆ ಇಲಾಖೆಯ ಪಾರ್ಸೆಲ್ಲೂ, ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಸೇವೆಯೂ ಇದಕ್ಕೆ ಅನುಕೂಲವನ್ನುಂಟುಮಾಡಿರುವುವು. ಆದರೆ ಜಾಲತಾಣವನ್ನು ತೆರೆದ ಮಾತ್ರಕ್ಕೆ ಗಿರಾಕಿಯು ಬರುವುದಿಲ್ಲ. ಹೆದ್ದಾರಿಯಿಂದ ದೂರವಿರುವ ಓಣಿಯಲ್ಲಿ ಅಂಗಡಿಯನ್ನಿಟ್ಟವನು ಹೇಗೆ ಸಂತೆಗೆ ಹೋಗಿ ತನ್ನ ಅಂಗಡಿಯ ಗುರುತನ್ನು ಹೇಳಬೇಕಾಗುವುದೋ, ಹಾಗೆಯೇ ಜಾಲತಾಣವುಳ್ಳವನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ವಾಟ್ಸಾಪ್ ಮುಂತಾದ ಸಾಮಾಜಿಕ ಮಾಧ್ಯಮಗಳಲ್ಲಿ ಅದನ್ನು ಸಾರಬೇಕಾಗುತ್ತದೆ. ಈ ಸಾರುವ ಕೆಲಸವನ್ನು ಯಂತ್ರಕ್ಕೆ ವಹಿಸುವ ಪದ್ಧತಿಯು ಈಗ ಹಳ್ಳಿಗಳಿಗೂ ಬಂದಿರುವುದರಿಂದ, ಅದರ ಗುಣದೋಷಗಳನ್ನು ಊರಿನ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕವು.

ಸ್ವಯಂಚಾಲಿತ ಪ್ರಚಾರವೆಂದರೇನು?

ಸ್ವಯಂಚಾಲಿತ ಪ್ರಚಾರದಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು.

ಮೊದಲನೆಯದು, ಬರಹವನ್ನೂ ಚಿತ್ರವನ್ನೂ ಮುಂಗಡವಾಗಿ ಸಿದ್ಧಪಡಿಸಿ, ಇಂಥ ದಿನ ಇಂಥ ಗಂಟೆಗೆ ಪ್ರಕಟವಾಗಲೆಂದು ಗೊತ್ತುಮಾಡಿಡುವುದು. ಇದಕ್ಕೆ ‘ಶೆಡ್ಯೂಲ್’ ಮಾಡುವುದೆಂದು ಹೇಳುವರು. 2008ರಲ್ಲಿ ಹುಟ್‌ಸೂಟ್, 2010ರಲ್ಲಿ ಬಫರ್ ಎಂಬ ಸೇವೆಗಳು ಈ ಕೆಲಸಕ್ಕಾಗಿಯೇ ಹುಟ್ಟಿದುವು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳನ್ನು ನಡೆಯಿಸುವ ಮೆಟಾ ಸಂಸ್ಥೆಯು ವ್ಯಾಪಾರಿಗಳಿಗೆಂದು ಇಟ್ಟಿರುವ ‘ಬಿಸಿನೆಸ್ ಸೂಟ್’ ಎಂಬ ಸಾಧನದಲ್ಲಿ ಈ ಅನುಕೂಲವು ಖರ್ಚಿಲ್ಲದೆ ದೊರೆಯುತ್ತದೆ.

ಎರಡನೆಯದು, ಜಾಲತಾಣವನ್ನೂ ಸಾಮಾಜಿಕ ಮಾಧ್ಯಮವನ್ನೂ ಒಂದಕ್ಕೊಂದು ಜೋಡಿಸುವುದು. ಜಾಲತಾಣದಲ್ಲಿ ಹೊಸ ಹಣ್ಣಿನ ವಿವರವನ್ನು ಏರಿಸಿದೊಡನೆ, ಅದರ ವಿಳಾಸದೊಡನೆ ಒಂದು ಪೋಸ್ಟ್ ತಾನಾಗಿಯೇ ಹೊರಡುತ್ತದೆ.

ಮೂರನೆಯದು, ಗಿರಾಕಿಯು ಕಳುಹಿಸಿದ ಸಂದೇಶಕ್ಕೆ ಯಂತ್ರವೇ ಉತ್ತರವನ್ನು ಕೊಡುವುದು.

ನಾಲ್ಕನೆಯದು, ಅನೇಕ ಹುಸಿ ಖಾತೆಗಳನ್ನು ತೆರೆದು, ಒಂದೇ ಮಾತನ್ನು ನೂರಾರು ಕಡೆ ಯಂತ್ರದಿಂದ ಹಾಕಿಸುವುದು. ಮೊದಲಿನ ಮೂರನ್ನು ವಿವೇಕದಿಂದ ಉಪಯೋಗಿಸಬಹುದು. ನಾಲ್ಕನೆಯದನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಇದಕ್ಕೆ ಕಾರಣಗಳು ಮುಂದೆ ವಿವರಿಸಲ್ಪಟ್ಟಿರುವುವು.

ಇದರಿಂದಾಗುವ ಪ್ರಯೋಜನಗಳು

ಸುಗ್ಗಿಯ ಕಾಲದಲ್ಲಿ ತೋಟಗಾರನಿಗೆ ಬಿಡುವೆಂಬುದೇ ಇರುವುದಿಲ್ಲ. ಬೆಳಗಾಗುವುದಕ್ಕೆ ಮುಂಚೆಯೇ ಕಾಯಿ ಕೀಳುವ ಆಳುಗಳನ್ನು ಹೊಂದಿಸುವುದು, ತೊಟ್ಟು ಮುರಿಯದಂತೆ ಕೀಳಿಸುವುದು, ಸೊನೆಯನ್ನು ಇಳಿಸುವುದು, ವಿಂಗಡಿಸುವುದು, ಪೆಟ್ಟಿಗೆ ತುಂಬುವುದು, ಗಾಡಿಗೆ ಏರಿಸುವುದು, ಇಷ್ಟರಲ್ಲಿಯೇ ದಿನವು ಕಳೆದುಹೋಗುತ್ತದೆ. ಪಟ್ಟಣದ ಗಿರಾಕಿಯಾದರೋ ರಾತ್ರಿ ಊಟವಾದ ಮೇಲೆ ಮೊಬೈಲನ್ನು ಕೈಗೆತ್ತಿಕೊಳ್ಳುವನು. ಆ ವೇಳೆಗೆ ತೋಟಗಾರನು ದಣಿದು ಮಲಗಿರುವನು. ಬಿಡುವಿದ್ದ ದಿನ ಬರೆದಿಟ್ಟ ಪೋಸ್ಟನ್ನು ಯಂತ್ರವು ಆ ಹೊತ್ತಿಗೆ ಸರಿಯಾಗಿ ಪ್ರಕಟಿಸಿದರೆ ಇಬ್ಬರಿಗೂ ಅನುಕೂಲವೇ ಆಯಿತು.

ಎರಡನೆಯ ಪ್ರಯೋಜನವು ಕ್ರಮಬದ್ಧತೆ. ಒಂದು ದಿನ ಹತ್ತು ಪೋಸ್ಟುಗಳನ್ನು ಹಾಕಿ, ಮುಂದೆ ಇಪ್ಪತ್ತು ದಿನ ಸುಮ್ಮನಿರುವ ತೋಟಗಾರನನ್ನು ಜನರು ಬೇಗನೆ ಮರೆಯುವರು. ವಾರಕ್ಕೆ ಮೂರರಂತೆ ತಪ್ಪದೆ ಬರುವ ಮಾತಿಗೆ ಬೆಲೆಯುಂಟು. ಮೂರನೆಯದು, ಖರ್ಚು ಅತ್ಯಲ್ಪ. ಜಾಲತಾಣದ ಹೆಸರಿಗೂ ಸ್ಥಳಕ್ಕೂ ವರ್ಷಕ್ಕೊಮ್ಮೆ ತೆರುವ ಶುಲ್ಕವನ್ನು ಬಿಟ್ಟರೆ, ಮನೆಯಲ್ಲಿರುವ ಒಂದು ಮೊಬೈಲಿನಿಂದಲೇ ಕೆಲಸವು ಸಾಗುತ್ತದೆ.

ಆದರೂ ಈ ಮಾರ್ಗದ ಮಿತಿಯನ್ನು ಮೊದಲೇ ಅರಿತಿರಬೇಕು. ಎಕರೆಗೆ 3 ಟನ್ ಫಸಲು ಬಂದಿತೆಂದು ಎಣಿಸಿದರೆ, 3 ಕಿಲೋ ತೂಕದ ಪೆಟ್ಟಿಗೆಗಳು ಒಂದು ಸಾವಿರವಾಗುವುವು. 10 ಎಕರೆಯ ತೋಟಕ್ಕೆ ಹತ್ತು ಸಾವಿರವಾಗುವುವು. ಅಷ್ಟು ಪೆಟ್ಟಿಗೆಗಳನ್ನು ನಾಲ್ಕಾರು ವಾರಗಳಲ್ಲಿ ಮನೆಮನೆಗೆ ಕಳುಹಿಸುವುದು ಒಂದು ಕುಟುಂಬದ ಕೈಯಲ್ಲಾಗುವ ಕೆಲಸವಲ್ಲ. ತೋತಾಪುರಿಯಂತೂ ಬಹುಮಟ್ಟಿಗೆ ಕಾರ್ಖಾನೆಗೆ ಹೋಗುವ ಕಾಯಿ. ಆದ್ದರಿಂದ ಆಯ್ದ ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣುಗಳ ಒಂದು ಭಾಗವನ್ನು ಮಾತ್ರ ಜಾಲತಾಣದಿಂದ ಮಾರಿ, ಉಳಿದುದಕ್ಕೆ ಮಂಡಿಯ ದಾರಿಯನ್ನು ಉಳಿಸಿಕೊಳ್ಳುವುದೇ ಬುದ್ಧಿವಂತಿಕೆಯು.

ಯಂತ್ರವು ಎಡವುವ ಸ್ಥಳ

ಊರಿನಲ್ಲಿ ತಮಟೆ ಬಾರಿಸಿ ಸಾರುವ ಪದ್ಧತಿಯನ್ನು ಹಿರಿಯರೆಲ್ಲರೂ ಬಲ್ಲರು. ನಾಳೆ ಕೆರೆಯ ತೂಬು ಎತ್ತುವರೆಂದು ಸಾರಲು ಹೊರಟವನು, ದಾರಿಯಲ್ಲಿ ಕೆರೆಯ ಏರಿ ಬಿರುಕು ಬಿಟ್ಟುದನ್ನು ಕಂಡರೆ, ತಮಟೆಯನ್ನು ನಿಲ್ಲಿಸಿ ಯಜಮಾನರ ಬಳಿಗೆ ಓಡಿಬರುವನು. ಯಂತ್ರಕ್ಕೆ ಆ ಕಣ್ಣಿಲ್ಲ. ಏರಿ ಒಡೆದು ನೀರೆಲ್ಲ ಹರಿದುಹೋಗಿದ್ದರೂ ಅದು ನಾಳೆ ತೂಬು ಎತ್ತುವರೆಂದೇ ಸಾರುತ್ತಿರುವುದು.

ಒಂದು ನಿದರ್ಶನವನ್ನು ಊಹಿಸಬಹುದು. ತೋಟದ ಯಜಮಾನನೊಬ್ಬನು ಏಪ್ರಿಲ್ ಕೊನೆಯಲ್ಲಿ ಬಿಡುವು ಮಾಡಿಕೊಂಡು, ಮೇ 5ರಿಂದ ಮೊದಲ್ಗೊಂಡು 30 ದಿನಗಳಿಗೆ ಪೋಸ್ಟುಗಳನ್ನು ಗೊತ್ತುಮಾಡಿಟ್ಟನು. ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ‘ಈ ದಿನ ಮುಂಜಾನೆ ಕಿತ್ತ ಬಾದಾಮಿ, ಇಂದೇ ತರಿಸಿಕೊಳ್ಳಿರಿ’ ಎಂಬ ಬರಹವು ಜಾಲತಾಣದ ವಿಳಾಸದೊಡನೆ ಹೊರಡುತ್ತಿದ್ದಿತು. ಮೇ 16ರ ರಾತ್ರಿ ಆಲಿಕಲ್ಲಿನ ಮಳೆಯೂ ಗಾಳಿಯೂ ಬಡಿದು ಅರ್ಧಕ್ಕಿಂತ ಹೆಚ್ಚಾಗಿ ಕಾಯಿ ಉದುರಿತು. ಉಳಿದುದಕ್ಕೂ ಪೆಟ್ಟು ಬಿದ್ದಿತು. ಕರೆಂಟು ಎರಡು ದಿನ ಇರಲಿಲ್ಲ. ಮನೆಯವರೆಲ್ಲರೂ ಉದುರಿದುದನ್ನು ಆಯ್ದು ಉಪ್ಪಿನಕಾಯಿಯವರಿಗೆ ಸಾಗಿಸುವುದರಲ್ಲಿ ಮುಳುಗಿದ್ದರು. ಪೋಸ್ಟಿನ ನೆನಪು ಯಾರಿಗೂ ಬರಲಿಲ್ಲ. 17, 18, 19ನೇ ತಾರೀಖುಗಳಲ್ಲಿ ಬೆಳಿಗ್ಗೆ 7 ಗಂಟೆಗೆ ಯಂತ್ರವು ‘ಈ ದಿನ ಮುಂಜಾನೆ ಕಿತ್ತ ಬಾದಾಮಿ’ ಎಂದೇ ಸಾರಿತು. 60 ಮಂದಿ ಗಿರಾಕಿಗಳು ಪೆಟ್ಟಿಗೆಗೆ 450 ರೂಪಾಯಿಯಂತೆ ಮುಂಗಡವಾಗಿ ಹಣವನ್ನು ತೆತ್ತರು.

ಇದರ ಲೆಕ್ಕವು ಹೀಗಾಗುತ್ತದೆ. ಹಿಂದಿರುಗಿಸಬೇಕಾದ ಹಣವು 27,000 ರೂಪಾಯಿ. ಹಣವನ್ನು ವಸೂಲು ಮಾಡಿಕೊಡುವ ಸಂಸ್ಥೆಯು ನೂರಕ್ಕೆ 2ರಂತೆ ಶುಲ್ಕವನ್ನು ಹಿಡಿದುಕೊಂಡಿದ್ದರೆ 540 ರೂಪಾಯಿ ಕೈಯಿಂದ ನಷ್ಟ. ಈ ನಷ್ಟವು ದೊಡ್ಡದಲ್ಲ. ಆದರೆ ಪತ್ರಿಕೆಗಳಲ್ಲಿ ಆಲಿಕಲ್ಲಿನ ಸುದ್ದಿಯನ್ನು ಓದಿದ ಗಿರಾಕಿಯು, ಆ ಬೆಳಿಗ್ಗೆಯೇ ಈ ಬರಹವನ್ನೂ ಕಂಡು, ಹಿಂದಿನ ಹತ್ತು ದಿನಗಳ ಮಾತೂ ಹೀಗೆಯೇ ಸುಳ್ಳಾಗಿದ್ದಿರಬೇಕೆಂದು ತಿಳಿಯುವನು. ನಿಜವಾಗಿ ಆ ದಿನಗಳಲ್ಲಿ ಹಣ್ಣು ಮುಂಜಾನೆಯೇ ಕಿತ್ತದ್ದಾಗಿತ್ತು. ಆ ನಿಜಕ್ಕೂ ಈಗ ಬೆಲೆಯಿಲ್ಲದೆ ಹೋಯಿತು. ಮಂಡಿಯ ದಲ್ಲಾಳಿಯನ್ನು ಬಿಟ್ಟು ನೇರವಾಗಿ ರೈತನ ಬಳಿಗೆ ಗಿರಾಕಿಯು ಬಂದದ್ದು ರೈತನ ಮಾತನ್ನು ನಂಬಿಯೇ ಅಲ್ಲವೇ? ಆ ನಂಬಿಕೆಯು ಹೋದರೆ ಜಾಲತಾಣವಿದ್ದೂ ಪ್ರಯೋಜನವಿಲ್ಲ.

ತಾನಾಗಿ ಉತ್ತರ ಕೊಡುವ ಯಂತ್ರದಿಂದಲೂ ಇಂಥದೇ ಅವಾಂತರವುಂಟು. ‘ಪೆಟ್ಟಿಗೆಯಲ್ಲಿ ನಾಲ್ಕು ಹಣ್ಣು ಕೊಳೆತು ಬಂದಿವೆ’ ಎಂದು ದೂರು ಬರೆದವರಿಗೆ ‘ತಮ್ಮ ಪ್ರೀತಿಗೆ ಧನ್ಯವಾದಗಳು, ಮತ್ತೆ ಬನ್ನಿರಿ’ ಎಂದು ಉತ್ತರ ಹೋದರೆ, ಆ ಗಿರಾಕಿಯು ಮತ್ತೆ ಬರುವ ಸಂಭವವು ಕಡಿಮೆಯೇ. ಯಂತ್ರದ ಉತ್ತರವು ‘ತಮ್ಮ ಸಂದೇಶ ತಲುಪಿದೆ, ಸಂಜೆ ಆರರ ಮೇಲೆ ತೋಟದವರು ತಾವೇ ಉತ್ತರಿಸುವರು’ ಎಂಬಷ್ಟಕ್ಕೆ ನಿಲ್ಲಬೇಕು, ಆ ಮಾತಿನಂತೆ ಸಂಜೆ ಉತ್ತರವೂ ಹೋಗಬೇಕು.

ಮಾಧ್ಯಮಗಳ ಕಟ್ಟಳೆಗಳು

ಸಾಮಾಜಿಕ ಮಾಧ್ಯಮಗಳು ಪರರ ಸೊತ್ತು. ಅಲ್ಲಿ ಅವರ ಕಟ್ಟಳೆಯಂತೆ ನಡೆಯಬೇಕು. ಯಂತ್ರದಿಂದ ಬರುವ ಬರಹಗಳ ಕಾಟವು ಹೆಚ್ಚಾದಂತೆಲ್ಲ ಆ ಕಟ್ಟಳೆಗಳೂ ಬಿಗಿಯಾಗುತ್ತ ಬಂದಿರುವುವು. 2018ನೇ ಫೆಬ್ರವರಿಯಲ್ಲಿ ಆಗಿನ ಟ್ವಿಟರ್ ಸಂಸ್ಥೆಯು, ಒಂದೇ ಬರಹವನ್ನು ಅನೇಕ ಖಾತೆಗಳಿಂದ ಏಕಕಾಲಕ್ಕೆ ಪ್ರಕಟಿಸುವುದನ್ನು ನಿಷೇಧಿಸಿತು. ಅದೇ ವರ್ಷ ಆಗಸ್ಟ್ 1ರಿಂದ ಫೇಸ್‌ಬುಕ್ ಸಂಸ್ಥೆಯು ಹೊರಗಿನ ಯಂತ್ರಗಳು ವ್ಯಕ್ತಿಗಳ ಸ್ವಂತ ಖಾತೆಗಳಲ್ಲಿ ತಾವಾಗಿ ಬರೆಯುವುದನ್ನು ನಿಲ್ಲಿಸಿತು. ವ್ಯಾಪಾರದ ‘ಪೇಜ್’ಗಳಲ್ಲಿ ಅದಕ್ಕೆ ಅವಕಾಶ ಉಳಿಯಿತು. ಆದಕಾರಣ ತೋಟದ ಹೆಸರಿನಲ್ಲಿ ಪ್ರತ್ಯೇಕವಾದ ಪೇಜನ್ನು ತೆರೆಯುವುದೇ ಸರಿಯಾದ ಕ್ರಮ. 2023ರಲ್ಲಿ ಟ್ವಿಟರ್ ಸಂಸ್ಥೆಯು ಯಂತ್ರಗಳಿಗಿದ್ದ ಹಿಂದಿನ ಉಚಿತ ಸೌಲಭ್ಯವನ್ನು ಕಡಿತಗೊಳಿಸಿತು. ಅದನ್ನು ನಂಬಿದ್ದ ಅನೇಕ ಸ್ವಯಂಚಾಲಿತ ಖಾತೆಗಳು ನಿಂತುಹೋದುವು. ಆ ಸಂಸ್ಥೆಯ ಹೆಸರೇ ಅದೇ ವರ್ಷ ಎಕ್ಸ್ ಎಂದಾಯಿತು.

ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ವಾಟ್ಸಾಪಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ 5 ಕಡೆಗಿಂತ ಹೆಚ್ಚಾಗಿ ಮುಂದೆ ಕಳುಹಿಸದಂತೆ ಮಿತಿಯಿಡಲಾಯಿತು. 2020ರಲ್ಲಿ, ಬಹಳ ಕೈ ಬದಲಾಯಿಸಿದ ಸಂದೇಶಗಳನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ ಬಂದಿತು. ಯಂತ್ರದಿಂದ ರಾಶಿರಾಶಿಯಾಗಿ ಸಂದೇಶ ಕಳುಹಿಸುವವರ ಮೇಲೆ 2019ನೇ ಡಿಸೆಂಬರ್ 7ರಿಂದ ನ್ಯಾಯಾಲಯದ ಕ್ರಮವನ್ನೂ ಜರುಗಿಸುವುದಾಗಿ ಆ ಸಂಸ್ಥೆಯು ಸಾರಿರುವುದು. ಹೀಗಿರುವಾಗ, ‘ಒಂದು ಲಕ್ಷ ನಂಬರುಗಳಿಗೆ ಸಂದೇಶ ಕಳುಹಿಸಿಕೊಡುವೆವು’ ಎಂದು ಬರುವವರ ಮಾತಿಗೆ ಒಪ್ಪಿದರೆ, ತೋಟದ ನಂಬರೇ ಮುಚ್ಚಲ್ಪಡಬಹುದು. ಗಿರಾಕಿಗಳು, ಕೂಲಿಯಾಳುಗಳ ಮೇಸ್ತ್ರಿ, ಗಾಡಿಯವನು, ಎಲ್ಲರೂ ಅದೇ ನಂಬರಿನಲ್ಲಿರುವಾಗ ಸುಗ್ಗಿಯ ನಡುವೆ ಅದು ಮುಚ್ಚಿದರೆ ಆಗುವ ಹಾನಿಯನ್ನು ಊಹಿಸಿಕೊಳ್ಳಬಹುದು. ತಾವಾಗಿ ಕೇಳಿ ಹೆಸರು ಕೊಟ್ಟವರಿಗೆ ಮಾತ್ರ ಸಂದೇಶ ಕಳುಹಿಸತಕ್ಕದ್ದು. ಬೇಡವೆಂದವರ ಹೆಸರನ್ನು ಅಂದೇ ಹೊಡೆದುಹಾಕತಕ್ಕದ್ದು.

ಗೂಗಲಿನಲ್ಲಿ ಮೇಲೇರುವೆನೆಂಬ ಭ್ರಮೆ

‘ತಿಂಗಳಿಗೆ ಐದು ಸಾವಿರ ಪೋಸ್ಟುಗಳನ್ನು ಯಂತ್ರದಿಂದ ಹಾಕಿಸುವೆವು, ಗೂಗಲಿನಲ್ಲಿ ನಿಮ್ಮ ಜಾಲತಾಣವೇ ಮೊದಲು ಬರುವುದು’ ಎಂದು ನಂಬಿಸಿ ಹಣ ಕೀಳುವವರೂ ಇರುವರು. ಇದು ನಿಜವಲ್ಲ. ಕಂಡಕಂಡಲ್ಲಿ ಜಾಲತಾಣದ ಕೊಂಡಿಯನ್ನು ಅಂಟಿಸಿ ಮೇಲೇರುವ ಹವ್ಯಾಸವನ್ನು ತಡೆಯುವುದಕ್ಕಾಗಿಯೇ 2005ನೇ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಸಂಸ್ಥೆಗಳು ‘ನೋಫಾಲೋ’ ಎಂಬ ಗುರುತನ್ನು ಜಾರಿಗೆ ತಂದುವು. ಆ ಗುರುತುಳ್ಳ ಕೊಂಡಿಯು ಓದುಗನನ್ನು ಜಾಲತಾಣಕ್ಕೆ ಕರೆದೊಯ್ಯುವುದೇ ಹೊರತು, ಜಾಲತಾಣದ ಪರವಾಗಿ ಕೊಟ್ಟ ಸಾಕ್ಷ್ಯವೆಂದು ಸಾಮಾನ್ಯವಾಗಿ ಎಣಿಸಲ್ಪಡುವುದಿಲ್ಲ. ಸಾಮಾಜಿಕ ಮಾಧ್ಯಮಗಳ ಕೊಂಡಿಗಳು ಸಾಮಾನ್ಯವಾಗಿ ಈ ಗುರುತುಳ್ಳವು. ಅಷ್ಟೇ ಅಲ್ಲದೆ, ಯಂತ್ರಗಳಿಂದ ಕೊಂಡಿಗಳನ್ನು ಹುಟ್ಟಿಸುವುದನ್ನು ಗೂಗಲ್ ಸಂಸ್ಥೆಯು ತನ್ನ ನಿಯಮಗಳಲ್ಲಿ ವಂಚನೆಯ ಸಾಲಿಗೆ ಸೇರಿಸಿದೆ. ಹೀಗೆ ಹಣ ತೆತ್ತು ಮೇಲೇರಲು ಹೋದವನು ಇದ್ದ ಸ್ಥಾನದಿಂದಲೂ ಕೆಳಗಿಳಿಯುವ ಸಂಭವವುಂಟು.

ಪೋಸ್ಟಿನಿಂದಾಗುವ ನಿಜವಾದ ಪ್ರಯೋಜನವು ಒಂದೇ: ಅದನ್ನು ಓದಿದ ಮನುಷ್ಯನು ಜಾಲತಾಣಕ್ಕೆ ಬರುವನು, ಬಂದವನು ಹಣ್ಣನ್ನು ತರಿಸಿಕೊಳ್ಳುವನು, ಹಣ್ಣು ಚೆನ್ನಾಗಿದ್ದರೆ ನೆರೆಯವರಿಗೆ ಹೇಳುವನು. ಮನುಷ್ಯರು ಓದದ ಐದು ಸಾವಿರ ಪೋಸ್ಟುಗಳಿಗಿಂತ, ಐವತ್ತು ಮನೆಯವರು ಓದುವ ಒಂದು ಪೋಸ್ಟೇ ಮೇಲು.

ಕಾನೂನಿನ ವಿಷಯ

ಯಂತ್ರವು ಹಾಕಿದ ಪೋಸ್ಟಿಗೆ ಯಂತ್ರವು ಹೊಣೆಯಲ್ಲ, ಮಾರುವವನೇ ಹೊಣೆ. 2019ನೇ ಇಸವಿಯ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ನೇ ಜುಲೈಯಲ್ಲಿ ಜಾರಿಗೆ ಬಂದಿರುವುದು. ದಾರಿತಪ್ಪಿಸುವ ಜಾಹೀರಾತುಗಳನ್ನು ನಿಲ್ಲಿಸಲೂ ದಂಡ ವಿಧಿಸಲೂ ಅದರಲ್ಲಿ ಅಧಿಕಾರವುಂಟು. ಅದೇ ತಿಂಗಳು ಪ್ರಕಟವಾದ ಇ-ವಾಣಿಜ್ಯ ನಿಯಮಗಳು, ಜಾಲದಲ್ಲಿ ಮಾರಾಟ ಮಾಡುವವರು ಸರಕಿನ ವಿವರವನ್ನು ನಿಜವಾಗಿ ತಿಳಿಸಬೇಕೆಂದೂ, ಹಣ ಹಿಂದಿರುಗಿಸುವ ಕ್ರಮವನ್ನು ಗಿರಾಕಿಗೆ ಸ್ಪಷ್ಟಪಡಿಸಬೇಕೆಂದೂ ವಿಧಿಸುವುವು.

ಮಾವಿನ ವಿಷಯದಲ್ಲಿ ಎರಡು ಮಾತುಗಳನ್ನು ಬರೆಯುವ ಮೊದಲು ವಿಶೇಷವಾಗಿ ಯೋಚಿಸಬೇಕು. ಒಂದು, ‘ಕಾರ್ಬೈಡ್ ಇಲ್ಲದ ಹಣ್ಣು’ ಎಂಬುದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ನಿಷಿದ್ಧ. ಎಥಿಲಿನ್ ಅನಿಲವನ್ನು ಹತ್ತು ಲಕ್ಷಕ್ಕೆ 100 ಭಾಗದವರೆಗೆ ಬಳಸಲು ಅನುಮತಿಯುಂಟು. ತೋಟದ ಮಾತು ನಿಜವಿರಬಹುದು. ಆದರೆ ಹಣ್ಣು ಸಾಲದೆ ಬಂದ ದಿನ ಮಂಡಿಯಿಂದ ತಂದು ಪೆಟ್ಟಿಗೆ ತುಂಬಿದರೆ, ಅದೇ ಪೋಸ್ಟು ಸುಳ್ಳಾಗುತ್ತದೆ. ಎರಡು, ‘ಸಾವಯವ’ ಎಂಬುದು. ಸಾವಯವ ಆಹಾರಕ್ಕೆ 2017ರಲ್ಲಿ ಪ್ರತ್ಯೇಕವಾದ ನಿಯಮಗಳು ಬಂದಿದ್ದು, ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ ಮತ್ತು ಪಿಜಿಎಸ್-ಇಂಡಿಯಾ ಎಂಬ ಎರಡು ಪ್ರಮಾಣೀಕರಣದ ಕ್ರಮಗಳು ಅವುಗಳಲ್ಲಿ ಮಾನ್ಯವಾಗಿರುವುವು. ಪ್ರಮಾಣಪತ್ರವನ್ನು ಪಡೆಯದವರು ‘ಇಂಥಿಂಥ ಗೊಬ್ಬರವನ್ನು ಹಾಕಿದೆವು, ಇಂಥ ದಿನ ಇಂಥ ಔಷಧವನ್ನು ಸಿಂಪಡಿಸಿದೆವು’ ಎಂದು ಇದ್ದುದನ್ನು ಇದ್ದಂತೆ ಬರೆಯುವುದು ಕ್ಷೇಮಕರವು.

ಅನುಸರಿಸಬೇಕಾದ ಕ್ರಮ

ಮೇಲೆ ಹೇಳಿದ ಎಲ್ಲ ತೊಡಕುಗಳಿಗೂ ಮೂಲವು ಒಂದೇ ಆಗಿರುವುದರಿಂದ, ಪರಿಹಾರವೂ ಒಂದೇ ನಿಯಮದಲ್ಲಿ ಅಡಗಿದೆ: ಬದಲಾಗದ ಸಂಗತಿಯನ್ನು ಯಂತ್ರಕ್ಕೆ ಬಿಡಬಹುದು, ದಿನದಿನಕ್ಕೂ ಬದಲಾಗುವ ಸಂಗತಿಯನ್ನು ಮನುಷ್ಯನೇ ನೋಡಿ ಹಾಕಬೇಕು.

ಬದಲಾಗದ ಸಂಗತಿಗಳು ಬೇಕಾದಷ್ಟಿರುವುವು. ಬಾದಾಮಿಗೂ ರಸಪುರಿಗೂ ಇರುವ ವ್ಯತ್ಯಾಸ. ಮಲ್ಲಿಕಾ ಎಂಬುದು ನೀಲಂ ಮತ್ತು ದಶೇರಿ ಜಾತಿಗಳ ಸಂಕರದಿಂದ ಬಂದುದೆಂಬ ವಿಷಯ. ಬಲಿತ ಕಾಯಿಯ ಭುಜಗಳು ತುಂಬಿಕೊಳ್ಳುವ ಲಕ್ಷಣ. ಕಾಯಿಯನ್ನು ಸ್ವಲ್ಪ ತೊಟ್ಟಿನೊಡನೆ ಕೀಳದಿದ್ದರೆ ಸೊನೆ ತಗಲಿ ಸಿಪ್ಪೆ ಕಪ್ಪಾಗುವುದು. ಮನೆಯಲ್ಲಿ ಹುಲ್ಲಿನ ನಡುವೆ ಗಾಳಿಯಾಡುವಂತೆ ಹರಡಿ ಹಣ್ಣು ಮಾಡುವ ಕ್ರಮ. ಪೂರ್ತಿ ಹಣ್ಣಾಗುವ ಮುಂಚೆ ತಂಪುಪೆಟ್ಟಿಗೆಯಲ್ಲಿಟ್ಟರೆ ಚಳಿ ಹಿಡಿದು ರುಚಿ ಕೆಡುವುದು. ಇಂಥವನ್ನು ಚಳಿಗಾಲದಲ್ಲಿಯೇ ಬರೆದು, ಸುಗ್ಗಿಯ ಉದ್ದಕ್ಕೂ ಪ್ರಕಟವಾಗುವಂತೆ ಗೊತ್ತುಮಾಡಿಡಬಹುದು. ಆಲಿಕಲ್ಲು ಬಿದ್ದರೂ ಇವು ಸುಳ್ಳಾಗುವುದಿಲ್ಲ. ಪಟ್ಟಣದ ಗಿರಾಕಿಗೆ ಇವುಗಳಿಂದ ಉಪಕಾರವೂ ಆಗುತ್ತದೆ.

ದಾಸ್ತಾನು, ಬೆಲೆ, ಕಿತ್ತ ದಿನ, ಕಳುಹಿಸುವ ದಿನ, ಇವು ಬದಲಾಗುವ ಸಂಗತಿಗಳು. ಇವುಗಳನ್ನು ತೋಟದ ಪುಸ್ತಕವನ್ನು ನೋಡಿದ ಬಳಿಕ ಮಾತ್ರ ಹಾಕತಕ್ಕದ್ದು. ಇದಕ್ಕಾಗಿ ಈ ಕೆಳಗಿನ ಏರ್ಪಾಡುಗಳು ಸಾಕು.

1. ಪ್ರತಿದಿನ ಸಂಜೆ, ಕಿತ್ತ ಪೆಟ್ಟಿಗೆಗಳೆಷ್ಟು, ಹೋದುವೆಷ್ಟು, ಉಳಿದುವೆಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯತಕ್ಕದ್ದು. ಜಾಲತಾಣದಲ್ಲಿಯೂ ಅದೇ ಸಂಖ್ಯೆಯನ್ನು ತುಂಬಿ, ಅದು ಸೊನ್ನೆಗೆ ಬಂದೊಡನೆ ಕೋರಿಕೆಗಳು ತಾವಾಗಿ ನಿಲ್ಲುವಂತೆ ಏರ್ಪಡಿಸತಕ್ಕದ್ದು. ಯಂತ್ರದ ಉತ್ತಮವಾದ ಉಪಯೋಗವು ಇದೇ.

2. ಗೊತ್ತುಮಾಡಿಡುವ ಪೋಸ್ಟುಗಳನ್ನು ವಾರಕ್ಕೊಮ್ಮೆ ಪರಿಶೀಲಿಸತಕ್ಕದ್ದು. ಪ್ರತಿಯೊಂದು ಜಾಹೀರಾತಿಗೂ ಕೊನೆಯ ದಿನವನ್ನು ಅದರಲ್ಲಿಯೇ ಬರೆಯತಕ್ಕದ್ದು.

3. ಮಳೆ, ಗಾಳಿ, ಸಾವುನೋವು ಮುಂತಾದ ಸಂದರ್ಭಗಳಲ್ಲಿ ಎಲ್ಲ ಪೋಸ್ಟುಗಳನ್ನೂ ನಿಲ್ಲಿಸುವ ಕ್ರಮವನ್ನು ಮನೆಯಲ್ಲಿ ಕಡೆಯ ಪಕ್ಷ ಇಬ್ಬರು ಕಲಿತಿರತಕ್ಕದ್ದು. ಮೊಬೈಲು ಬಲ್ಲ ಮಗನೊಬ್ಬನೇ ಬೆಂಗಳೂರಿನಲ್ಲಿದ್ದುಕೊಂಡು ಇದನ್ನು ನಡೆಯಿಸುವಲ್ಲಿ, ತೋಟದಲ್ಲಿ ಏನಾಯಿತೆಂಬುದನ್ನು ಅವನಿಗೆ ಕೂಡಲೇ ತಿಳಿಸುವವರು ಗೊತ್ತಾಗಿರಬೇಕು.

4. ಸಂಘ ಅಥವಾ ರೈತ ಉತ್ಪಾದಕರ ಸಂಸ್ಥೆಯ ಖಾತೆಯು ಸಂಸ್ಥೆಯ ಹೆಸರಿನಲ್ಲಿಯೇ ಇರತಕ್ಕದ್ದು. ಗುಪ್ತಪದವು ಒಬ್ಬ ನೌಕರನ ಕೈಯಲ್ಲಿ ಮಾತ್ರವಿದ್ದು, ಅವನು ಕೆಲಸ ಬಿಟ್ಟುಹೋದರೆ, ಅನೇಕ ವರ್ಷ ಕೂಡಿಸಿದ ಗಿರಾಕಿಗಳು ಅವನ ಹಿಂದೆಯೇ ಹೋಗುವರು. ಎರಡು ಹಂತದ ದೃಢೀಕರಣವನ್ನು ತಪ್ಪದೆ ಇಡತಕ್ಕದ್ದು.

5. ಯಾವ ಊರಿನ ಮೂಟೆಯೆಂಬುದು ತಿಳಿಯಲು ಮೂಟೆಯ ಮೇಲೆ ಬಣ್ಣದ ಗುರುತನ್ನು ಹಾಕುವಂತೆಯೇ, ಪ್ರತಿ ಮಾಧ್ಯಮದಲ್ಲಿ ಹಾಕುವ ವಿಳಾಸದ ಕೊನೆಗೂ ಬೇರೆಬೇರೆ ಗುರುತನ್ನು ಸೇರಿಸಬಹುದು. ಎಷ್ಟು ಮಂದಿ ಎಲ್ಲಿಂದ ಬಂದರು, ಅವರಲ್ಲಿ ಎಷ್ಟು ಮಂದಿ ಕೊಂಡರು ಎಂಬುದು ಇದರಿಂದ ತಿಳಿಯುವುದು. ಮೆಚ್ಚುಗೆಯ ಸಂಖ್ಯೆಯನ್ನಲ್ಲ, ಮಾರಿದ ಪೆಟ್ಟಿಗೆಗಳ ಸಂಖ್ಯೆಯನ್ನು ನೋಡಿ, ಪ್ರಯೋಜನವಿಲ್ಲದ ಕಡೆ ಶ್ರಮವನ್ನು ಬಿಡತಕ್ಕದ್ದು.

6. ಚಿತ್ರಗಳು ಆ ವರ್ಷದ, ಆ ತೋಟದವೇ ಆಗಿರತಕ್ಕದ್ದು.

ಊರಿನ ಮುಖಂಡರು ಮಾಡಬಹುದಾದ ಕೆಲಸ

ಒಂದು ಊರಿನ ಹೆಸರಿನಲ್ಲಿ ಹಣ್ಣು ಮಾರಾಟವಾಗುವಾಗ, ಒಬ್ಬನ ತಪ್ಪು ಊರಿಗೆಲ್ಲ ತಗಲುವುದು. ‘ಶ್ರೀನಿವಾಸಪುರದ ಮಾವು’ ಎಂದು ನಂಬಿ ತರಿಸಿದವರಿಗೆ ಒಂದು ತೋಟದಿಂದ ಕೆಟ್ಟ ಪೆಟ್ಟಿಗೆ ಬಂದರೆ, ಅವರು ಮುಂದಿನ ವರ್ಷ ಆ ಸೀಮೆಯ ಯಾವ ತೋಟದ ಕೊಂಡಿಯನ್ನೂ ಒತ್ತುವುದಿಲ್ಲ. ಆದ್ದರಿಂದ ಊರಿನ ಪ್ರಮುಖರು ಬೆಳೆಗಾರರನ್ನು ಒಂದೆಡೆ ಸೇರಿಸಿ, ಹತ್ತು ಜಾಲತಾಣಗಳಿಗೆ ಬದಲಾಗಿ ಒಂದನ್ನು ಒಟ್ಟಾಗಿ ನಡೆಯಿಸುವುದನ್ನೂ, ಪೆಟ್ಟಿಗೆಯ ತೂಕ, ಕಾಯಿಯ ದರ್ಜೆ, ಹಣ ಹಿಂದಿರುಗಿಸುವ ಕ್ರಮ ಇವುಗಳಿಗೆ ಎಲ್ಲರೂ ಒಪ್ಪಿದ ಕಟ್ಟಳೆಯನ್ನು ಮಾಡುವುದನ್ನೂ ಆಲೋಚಿಸಬಹುದು. ರೈತ ಉತ್ಪಾದಕರ ಸಂಸ್ಥೆಗಳನ್ನು ಹತ್ತು ಸಾವಿರದ ಸಂಖ್ಯೆಯಲ್ಲಿ ಕಟ್ಟುವ ಕೇಂದ್ರ ಯೋಜನೆಯು 2020ನೇ ಫೆಬ್ರವರಿಯಲ್ಲಿ ಆರಂಭವಾಗಿದ್ದು, ಅದರಂತೆ ಕಟ್ಟಿದ ಸಂಸ್ಥೆಯುಳ್ಳ ಊರುಗಳಲ್ಲಿ ಈ ಕೆಲಸವು ಸುಲಭವಾಗುವುದು. ಓದಿದ ತರುಣ ತರುಣಿಯರಿಗೆ ಊರಿನಲ್ಲಿಯೇ ಒಂದು ಉದ್ಯೋಗವೂ ದೊರೆತಂತಾಗುವುದು.

ಮಾವು ಹೂ ಬಿಡುವುದು ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಜಾಲತಾಣವನ್ನು ತಿದ್ದುವುದು, ಹಳೆಯ ಗಿರಾಕಿಗಳ ಪಟ್ಟಿಯನ್ನು ಸರಿಪಡಿಸುವುದು, ಬದಲಾಗದ ಸಂಗತಿಗಳ ಪೋಸ್ಟುಗಳನ್ನು ಬರೆದಿಡುವುದು, ಇವೆಲ್ಲಕ್ಕೂ ಆ ಕಾಲವೇ ಯೋಗ್ಯವಾದುದು. ಹೂವಿನ ಚಿತ್ರದಿಂದಲೇ ಆರಂಭಿಸಿ, ಕಾಯಿ ಕಚ್ಚಿದುದು, ಬಲಿತುದು, ಮಳೆಗೆ ಉದುರಿದುದು, ಎಲ್ಲವನ್ನೂ ಇದ್ದಂತೆ ತಿಳಿಸುತ್ತ ಬಂದ ತೋಟಗಾರನು ಸುಗ್ಗಿಯ ದಿನ ‘ಹಣ್ಣು ಸಿದ್ಧವಾಗಿದೆ’ ಎಂದರೆ ಗಿರಾಕಿಯು ನಂಬುವನು. ‘ಈ ವಾರ ಹಣ್ಣಿಲ್ಲ, ಕ್ಷಮಿಸಬೇಕು’ ಎಂದರೂ ನಂಬಿ ಮುಂದಿನ ವಾರದವರೆಗೆ ಕಾಯುವನು. ಹಾಗೆ ಕಾಯುವ ಗಿರಾಕಿಗಳು ನೂರು ಮಂದಿಯಿದ್ದರೂ ಸಾಕು, ತೋಟಗಾರನು ಮಂಡಿಯ ಒಂದೇ ಬಾಗಿಲನ್ನು ನಂಬಿ ನಿಲ್ಲಬೇಕಾಗುವುದಿಲ್ಲ.